ಡೆಲಿವರಿ ವಾಹನಕ್ಕೆ ಜಾನುವಾರು ಸಿಲುಕಿದಾಗ: ಸ್ಥಳಕ್ಕೆ ಹೋಗುವ ಸದಸ್ಯರು ತಿಳಿದಿರಬೇಕಾದುದು

ಮೊಬೈಲಿನಲ್ಲಿ ಕೊಂಡ ಸಾಮಾನು ಇಂದು ತಾಲ್ಲೂಕು ಕೇಂದ್ರವನ್ನು ದಾಟಿ ಕಟ್ಟಕಡೆಯ ಹಳ್ಳಿಯ ಮನೆಬಾಗಿಲಿಗೂ ಬರುತ್ತಿದೆ. ಅದನ್ನು ಹೊತ್ತು ತರುವ ಯುವಕರಲ್ಲಿ ಅನೇಕರಿಗೆ ತಿಂಗಳ ಸಂಬಳವಿಲ್ಲ. ತಲುಪಿಸಿದ ಪೊಟ್ಟಣಗಳ ಲೆಕ್ಕದ ಮೇಲೆ ಹಣ. ಚೀಲ ಖಾಲಿಯಾಗುವವರೆಗೆ, ಅಂದರೆ ಕತ್ತಲಾದ ಮೇಲೂ, ಅವರ ಓಡಾಟ ನಿಲ್ಲುವುದಿಲ್ಲ. ಮೇಯಲು ಹೋದ ದನ, ಎಮ್ಮೆ, ಕುರಿಮಂದೆಗಳು ಊರಿಗೆ ಮರಳುವುದೂ ಅದೇ ಮುಸ್ಸಂಜೆಯಲ್ಲಿ. ಡಿಕ್ಕಿಯಾದಾಗ ಪೊಲೀಸ್ ಠಾಣೆಗಿಂತ ಮೊದಲು ಕರೆ ಹೋಗುವುದು ಸಾಮಾನ್ಯವಾಗಿ ಆ ವಾರ್ಡಿನ ಸದಸ್ಯರಿಗೆ. ಅವರು ಅಲ್ಲಿ ಮೊದಲ ಅರ್ಧ ಗಂಟೆಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲವೂ ನಿಂತಿದೆ.

ಆ ಅರ್ಧ ಗಂಟೆಯಲ್ಲಿ ನಡೆಯುವುದೇನೆಂಬುದು ಸದಸ್ಯರಿಗೆ ಹೊಸದಲ್ಲ. ಗುಂಪು ಸೇರುತ್ತದೆ, ಬೈಕಿನ ಕೀಲಿಯನ್ನು ಯಾರೋ ಕಿತ್ತುಕೊಳ್ಳುತ್ತಾರೆ, ಹಸುವಿನ ಬೆಲೆಯನ್ನು ನಿಂತಲ್ಲೇ ಕಟ್ಟಲಾಗುತ್ತದೆ, ಹುಡುಗನ ಫೋನಿನಿಂದ ಅಲ್ಲಿಯೇ ಹಣ ವರ್ಗಾವಣೆಯಾಗುತ್ತದೆ. ಈ ಸುದ್ದಿ ಅವನ ಜೊತೆಗಾರರಿಗೆಲ್ಲ ತಲುಪುತ್ತದೆ. ಮುಂದಿನ ಸಲ ಡಿಕ್ಕಿಯಾದಾಗ ಚಾಲಕ ನಿಲ್ಲುವುದಿಲ್ಲ. ಕಾಲು ಮುರಿದ ಹಸು ಬೆಳಗಿನವರೆಗೆ ರಸ್ತೆ ಬದಿಯಲ್ಲಿ ನರಳುತ್ತದೆ. ವಾಹನ ಸಂಖ್ಯೆ ತಿಳಿಯದ ಮಾಲೀಕನಿಗೆ ಪರಿಹಾರ ಕೇಳಲು ದಾರಿಯೇ ಉಳಿಯುವುದಿಲ್ಲ. ಚಾಲಕರು ನಿಲ್ಲಬೇಕೆಂದು ಊರು ಬಯಸುವುದಾದರೆ, ನಿಂತವನು ಸುರಕ್ಷಿತವಾಗಿ ಮರಳುತ್ತಾನೆಂಬ ನಂಬಿಕೆಯನ್ನು ಊರೇ ಮೂಡಿಸಬೇಕಾಗುತ್ತದೆ.

ತಪ್ಪು ಯಾರದೆಂದು ನಿರ್ಣಯಿಸುವ ಮುನ್ನ ಒಂದು ಸರಳ ಲೆಕ್ಕವನ್ನು ಗಮನಿಸಬಹುದು. ಗಂಟೆಗೆ 60 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಣ್ಣು ಕಂಡುದನ್ನು ಮನಸ್ಸು ಗ್ರಹಿಸಿ ಕೈ ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ 25 ಮೀಟರ್ ದಾಟಿರುತ್ತದೆ. ಒಣ ಡಾಂಬರಿನ ಮೇಲೆ ಪೂರ್ತಿ ನಿಲ್ಲಲು ಮತ್ತೆ 25ರಿಂದ 30 ಮೀಟರ್ ಬೇಕು. ವೇಗ 40 ಕಿ.ಮೀ. ಇದ್ದರೆ ಒಟ್ಟು ದೂರ ಸುಮಾರು 30 ಮೀಟರಿಗೆ ಇಳಿಯುತ್ತದೆ. ದೀಪವನ್ನು ಡಿಮ್ ಮಾಡಿದಾಗ, ಬೀದಿದೀಪವಿಲ್ಲದ ರಸ್ತೆಯಲ್ಲಿ ಕಪ್ಪು ಎಮ್ಮೆಯು 50 ಮೀಟರ್ ದೂರದಿಂದ ಕಾಣುವುದು ಕಷ್ಟ. ಆದ್ದರಿಂದ ಊರೊಳಗೆ 60ರ ವೇಗದಲ್ಲಿ ಬಂದ ಚಾಲಕನನ್ನು ನಿರಪರಾಧಿ ಎನ್ನಲಾಗದು; 40ರ ವೇಗದಲ್ಲಿದ್ದವನ ಮುಂದೆ ಬೇಲಿಯ ಮರೆಯಿಂದ ಕರು ಹಾರಿದರೆ ಅವನನ್ನು ಕೊಲೆಗಾರನೆಂದು ಕರೆಯುವುದೂ ಸಲ್ಲದು.

ಕಾನೂನು ಕೂಡ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಪ್ರಾಣಿಯನ್ನು ಕೊಲ್ಲುವ ಇಲ್ಲವೆ ಅಂಗಹೀನಗೊಳಿಸುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಪ್ರಕರಣವು 5 ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ; ಆದರೆ ಅದಕ್ಕೆ ಹಾನಿ ಮಾಡುವ ಉದ್ದೇಶ ಅಥವಾ ಹಾನಿಯಾಗುವುದೆಂಬ ಅರಿವು ಇರಬೇಕು. ಸಾಕುನಾಯಿಯೊಂದು ವಾಹನಕ್ಕೆ ಸಿಲುಕಿ ಸತ್ತ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2022ರಲ್ಲಿ ಹಳೆಯ ದಂಡ ಸಂಹಿತೆಯಡಿ ಇದೇ ನಿಲುವನ್ನು ತಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಂಬೆ ಉಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣ ಈ ಪಾಠಕ್ಕೆ ಇನ್ನೂ ಹತ್ತಿರದ್ದು. ಎಂಜಿನಿಯರಿಂಗ್ ಓದುತ್ತಲೇ ಊಟ ತಲುಪಿಸುವ ಕೆಲಸ ಮಾಡುತ್ತಿದ್ದ ತರುಣನ ಬೈಕಿಗೆ 2020ರಲ್ಲಿ ಮುಂಬಯಿಯಲ್ಲಿ ಬೀದಿನಾಯಿಯೊಂದು ಅಡ್ಡ ಬಂದು ಸತ್ತಿತು. ಬೈಕ್ ಜಾರಿ ಅವನೂ ಗಾಯಗೊಂಡಿದ್ದ. ಆದರೂ ಮೊಕದ್ದಮೆ ಹೂಡಿದ್ದು ಅವನ ಮೇಲೆಯೇ. ನ್ಯಾಯಾಲಯವು ಅದನ್ನು ರದ್ದುಪಡಿಸಿ, ಅವನಿಗೆ 20,000 ರೂಪಾಯಿ ವೆಚ್ಚ ನೀಡುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು.

ಇಷ್ಟರಿಂದ ಮಾಲೀಕನ ನಷ್ಟ ಕರಗಿಹೋಗುವುದಿಲ್ಲ. ಹಾಲು ಕರೆಯುವ ಒಂದು ಹಸುವಿನ ಮೇಲೆ ಇಡೀ ಮನೆಯ ವಾರದ ಬಟವಾಡೆ ನಿಂತಿರುತ್ತದೆ. ಚಾಲಕನ ನಿರ್ಲಕ್ಷ್ಯದಿಂದ ಒಡೆತನದ ಜಾನುವಾರಿಗೆ ಹಾನಿಯಾದರೆ ಅದು ಮೂರನೆಯ ವ್ಯಕ್ತಿಯ ಸ್ವತ್ತಿಗಾದ ಹಾನಿ. ವಾಹನದ ಕಡ್ಡಾಯ ವಿಮೆ ಇರುವುದು ಇಂಥದಕ್ಕೂ ಹೌದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಅದಕ್ಕೆ ಬೇಕಾದುದು ವಾಹನ ಸಂಖ್ಯೆ, ವಿಮಾ ಪಾಲಿಸಿಯ ವಿವರ, ಠಾಣೆಯಲ್ಲಿ ದಾಖಲಾದ ದೂರು, ಪಶುವೈದ್ಯಾಧಿಕಾರಿಯ ವರದಿ. ಕೀಲಿ ಕಿತ್ತುಕೊಳ್ಳುವವರ ಕೈಯಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಜಾನುವಾರಿಗೇ ವಿಮೆ ಇದ್ದಲ್ಲಿ ಕಿವಿಯೋಲೆ ಮುಖ್ಯ. ಓಲೆ ಇಲ್ಲದ ಹಸುವಿಗೆ ವಿಮೆಯ ಹಣ ದೊರೆಯುವುದಿಲ್ಲವಾದ್ದರಿಂದ ಕಳೇಬರವನ್ನು ಛಾಯಾಚಿತ್ರ, ಮಹಜರು, ಮರಣೋತ್ತರ ಪರೀಕ್ಷೆಗಳಿಗೆ ಮುನ್ನ ಹೂಳಬಾರದು. ನ್ಯಾಯಮಂಡಳಿಯ ಹಾದಿ ದೀರ್ಘವೆಂಬುದು ನಿಜ. ಉಭಯತ್ರರು ರಾಜಿಗೆ ಒಪ್ಪಿದರೆ ತಪ್ಪೇನಿಲ್ಲ. ಆದರೆ ಅದು ಮರುದಿನ ಹಗಲಿನಲ್ಲಿ, ವೈದ್ಯರ ಮೌಲ್ಯಮಾಪನದ ನಂತರ, ಬರವಣಿಗೆಯಲ್ಲಿ ಆಗಬೇಕು. ರಾತ್ರಿ ಗುಂಪಿನ ನಡುವೆ ಕೊಟ್ಟ ಹಣಕ್ಕೆ ರಾಜಿ ಎಂಬ ಹೆಸರು ಒಪ್ಪುವುದಿಲ್ಲ.

ಸ್ಥಳಕ್ಕೆ ಬಂದ ಸದಸ್ಯರ ಕಣ್ಣು ಮೊದಲು ಬೀಳಬೇಕಾದುದು ಮನುಷ್ಯನ ಮೇಲೆ. ಎಮ್ಮೆಗೆ ಬಡಿದ ಬೈಕ್ ಸವಾರ ಎದ್ದು ನಿಂತಿದ್ದರೂ ತಲೆಗೆ ಒಳಪೆಟ್ಟಾಗಿರಬಹುದು. 108ಕ್ಕೆ ಕರೆ ಮಾಡಬೇಕು. ಗುಂಪು ಉದ್ರಿಕ್ತವಾಗಿದ್ದರೆ 112. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಚಾಲಕನ ಮೇಲೆ ಹೊರಿಸುವ ಮೋಟಾರು ವಾಹನ ಕಾಯ್ದೆ, 1988ರ 134ನೇ ಪ್ರಕರಣವೇ ಗುಂಪಿನ ರೋಷದಿಂದ ಅದು ಸಾಧ್ಯವಾಗದೆ ಹೋಗಬಹುದೆಂಬುದನ್ನು ಒಪ್ಪಿಕೊಂಡಿದೆ. ಮೂರನೆಯವರ ಸ್ವತ್ತಿಗೆ ಹಾನಿಯಾದಾಗಲೂ ಚಾಲಕನು 24 ಗಂಟೆಗಳೊಳಗೆ ಹತ್ತಿರದ ಠಾಣೆಗೆ ವರದಿ ಮಾಡಬೇಕೆಂದು ಅದೇ ಪ್ರಕರಣ ಹೇಳುತ್ತದೆ. ಆದ್ದರಿಂದ ಅವನನ್ನು ಠಾಣೆಗೆ ಸುರಕ್ಷಿತವಾಗಿ ಕಳುಹಿಸುವುದು ಅವನನ್ನು ಬಿಟ್ಟುಬಿಟ್ಟಂತೆ ಅಲ್ಲ.

ಗಾಯಗೊಂಡ ಪ್ರಾಣಿಗೆ ಪಶುಸಂಗೋಪನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಹಾಯವಾಣಿ 1962. ಕಾಲು, ಬಾಲ ಹಿಡಿದು ಎಳೆಯುವುದು, ಬಿದ್ದ ಪ್ರಾಣಿಯ ಬಾಯಿಗೆ ನೀರು ಸುರಿಯುವುದು ಎರಡೂ ಅಪಾಯಕಾರಿ. ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಒಂದೇ ಮಗ್ಗುಲಿಗೆ ಬಿದ್ದ ಹಸು ಹೊಟ್ಟೆಯುಬ್ಬರದಿಂದಲೇ ಸಾಯುವುದುಂಟು. ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿಲ್ಲದಿದ್ದರೆ ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡು, ಎದೆಯ ಮೇಲೆ ಕೂರುವಂತೆ ಹೊರಳಿಸಿ ಹುಲ್ಲು ತುಂಬಿದ ಗೋಣಿಚೀಲದ ಒತ್ತು ಕೊಡಬಹುದು. ಡಿಕ್ಕಿಯಾದುದು ಕಾಡುಪ್ರಾಣಿಗಾದರೆ ಯಾರೂ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದೊಂದೇ ದಾರಿ.

ಜಾನುವಾರು ಮಾಲೀಕರಿಗೂ ಹೊಣೆಯಿದೆ. ಮನುಷ್ಯರ ಜೀವಕ್ಕೆ ಅಪಾಯವಾಗುವಂತೆ ಪ್ರಾಣಿಯನ್ನು ಅಂಕೆಯಿಲ್ಲದೆ ಬಿಡುವವರಿಗೆ ನ್ಯಾಯ ಸಂಹಿತೆಯ 291ನೇ ಪ್ರಕರಣದಡಿ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬಿಡಾಡಿ ದನಗಳನ್ನು ಹೆದ್ದಾರಿಗಳಿಂದ ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ರಾಜ್ಯಗಳಿಗೆ ಆದೇಶಿಸಿದೆ. ಹೀಗಿದ್ದೂ ಎಷ್ಟೋ ಊರುಗಳ ದನದ ದೊಡ್ಡಿ, ಉತ್ತರ ಭಾಗದವರು ಕೊಂಡವಾಡ ಎನ್ನುವುದು, ಇಂದು ಹಳೆಯ ಪೈಪು, ಮುರಿದ ಕುರ್ಚಿಗಳ ಉಗ್ರಾಣವಾಗಿದೆ. ಮಳೆಗಾಲದಲ್ಲಿ ದನಗಳು ರಸ್ತೆಯಲ್ಲೇ ಮಲಗುವುದು ಹಟದಿಂದಲ್ಲ. ಸುತ್ತಲ ನೆಲ ಕೆಸರಾದಾಗ ಡಾಂಬರು ಒಣಗಿ ಬೆಚ್ಚಗಿರುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡುವ ರಾಗಿ, ಹುರುಳಿಯ ಒಕ್ಕಣೆಯೂ ಅವುಗಳನ್ನು ಅಲ್ಲಿಗೆ ಸೆಳೆಯುತ್ತದೆ. ಒಕ್ಕಣೆಗೆ ಕಣ ಒದಗಿಸುವುದು, ತಿರುವುಗಳಲ್ಲಿ ಕೆಟ್ಟ ಬೀದಿದೀಪ ಸರಿಪಡಿಸುವುದು, ಎಮ್ಮೆಗಳ ಕೊಂಬಿಗೆ ಇಲ್ಲವೆ ಕೊರಳಪಟ್ಟಿಗೆ ರೇಡಿಯಂ ಟೇಪ್ ಸುತ್ತಿಸುವುದು ಪಂಚಾಯಿತಿಯ ಕೈಗೆಟಕುವ ಕೆಲಸಗಳು. ಇವುಗಳಲ್ಲಿ ಟೇಪಿನ ಖರ್ಚು ಅತ್ಯಲ್ಪ.

ಡೆಲಿವರಿ ಕೆಲಸಕ್ಕೆ ಹೋಗುವವರು ಹೊರಗಿನವರೇ ಆಗಿರಬೇಕೆಂದಿಲ್ಲ. ನಮ್ಮ ಊರುಗಳ ಹುಡುಗರೂ ನಗರಗಳಲ್ಲಿ ಇದೇ ಚೀಲ ಹೊತ್ತಿದ್ದಾರೆ. ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆಯಲ್ಲಿ ಜೀವವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ ರೂಪಾಯಿಗಳಿವೆ. ಇದಕ್ಕೆ ಇ-ಶ್ರಮ್ ನೋಂದಣಿ ಬೇಕು. ಮುಂದಿನ ಗ್ರಾಮಸಭೆಯಲ್ಲಿ ಇಂಥ ಕೆಲಸದಲ್ಲಿರುವವರ ಹೆಸರುಗಳನ್ನು ಮನೆಯವರಿಂದ ಕೇಳಿ ಬರೆದುಕೊಂಡು, ನೋಂದಣಿ ಆಗದವರಿಗೆ ಮಾಹಿತಿ ನೀಡಬಹುದು. ಅದೇ ಸಭೆಯಲ್ಲಿ 1962, 108, 112 ಸಂಖ್ಯೆಗಳನ್ನೂ ಪಶು ಚಿಕಿತ್ಸಾಲಯದ ದೂರವಾಣಿಯನ್ನೂ ಓದಿ ಹೇಳಿ, ಊರು ಪ್ರವೇಶಿಸುವ ರಸ್ತೆಯ ಫಲಕದಲ್ಲಿ ಬರೆಸುವ ಬಗ್ಗೆ ನಿರ್ಣಯ ಕೈಗೊಳ್ಳುವುದು.