ಔಷಧಿ ಕೊಡುವ ಕೈಯೂ ಪಳಗಬೇಕು



ಹೊಸ ಹೋರಿಯನ್ನು ಉಳುಮೆಗೆ ಪಳಗಿಸುವಾಗ ಅದನ್ನು ಅನುಭವವಿರುವ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತೇವೆ. ಸಾಲು ತಪ್ಪದೆ ನಡೆಯುವುದನ್ನು ಅದು ಜೊತೆಯ ಎತ್ತಿನಿಂದಲೇ ಕಲಿಯುತ್ತದೆ. ಔಷಧಿ ಅಂಗಡಿಯ ಫಾರ್ಮಸಿಸ್ಟರಿಗೂ ಇಂಥ ಪಳಗುವಿಕೆ ಬೇಕೆಂದು ಅಮೆರಿಕದಲ್ಲಿ ಒಂದು ಏರ್ಪಾಡು ನಡೆದಿದೆ. ಅದರಿಂದ ನಾವು ಕಲಿಯಬಹುದಾದ ಪಾಠವೇನೆಂದು ಈ ಸಲ ನೋಡೋಣ.

೧. ಏರ್ಪಾಡು ಎಂಥದು?

ಆ ದೇಶದಲ್ಲಿ ಫಾರ್ಮಸಿಸ್ಟ್ ಆಗುವವರು ಫಾರ್ಮ್.ಡಿ. ಪದವಿ ಪಡೆದು, ಪರೀಕ್ಷೆ ಮುಗಿಸಿ ಪರವಾನಗಿ ಪಡೆಯಬೇಕು. ಆ ಮೇಲೆ ಇಷ್ಟವುಳ್ಳವರು ಇನ್ನೂ ಒಂದು ವರ್ಷ ನುರಿತ ಹಿರಿಯರ ಕೈಕೆಳಗೆ ಕೆಲಸ ಮಾಡುತ್ತ ಕಲಿಯುತ್ತಾರೆ. ಇದಕ್ಕೆ 'ರೆಸಿಡೆನ್ಸಿ' ಎಂದು ಹೆಸರು. ಕೆಲವರು ಇದನ್ನು ದೊಡ್ಡ ಆಸ್ಪತ್ರೆಗಳಲ್ಲಿ ಮಾಡಿದರೆ, ಇನ್ನು ಕೆಲವರು ಜನರ ನಡುವಿನ ಔಷಧಿ ಅಂಗಡಿ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಮಾಡುತ್ತಾರೆ. ಈ ವರ್ಷದಲ್ಲಿ ಅವರಿಗೆ ಸಿಗುವ ಸಂಬಳ ಪೂರ್ಣ ಕೆಲಸದವರಿಗಿಂತ ಕಡಿಮೆ.

ಅವರು ಕಲಿಯುವುದು ಬರಿಯ ಗುಳಿಗೆ ಎಣಿಸುವುದನ್ನಲ್ಲ. ರೋಗಿ ತೆಗೆದುಕೊಳ್ಳುವ ಎಲ್ಲ ಔಷಧಿಗಳನ್ನೂ ಒಟ್ಟಿಗೆ ನೋಡಿ, ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರನ್ನು ಮತ್ತೆ ಮತ್ತೆ ಕಂಡು ವಿಚಾರಿಸುತ್ತಾರೆ. ಲಸಿಕೆ ಹಾಕುತ್ತಾರೆ. ತಪ್ಪು ಕಂಡರೆ ಡಾಕ್ಟರೊಡನೆ ಮಾತಾಡಿ ಸರಿಪಡಿಸುತ್ತಾರೆ.

೨. ಬಡವರ ನಡುವೆ ಏಕೆ?

1965ರಲ್ಲಿ ಅಮೆರಿಕ ಸರ್ಕಾರದ ನೆರವಿನಿಂದ ಬಡವರಿಗಾಗಿ ಆರೋಗ್ಯ ಕೇಂದ್ರಗಳು ಆರಂಭವಾದುವು. ಮೊದಲನೆಯವುಗಳಲ್ಲಿ ಒಂದು ಬೋಸ್ಟನ್ ನಗರದ ಕೊಲಂಬಿಯಾ ಪಾಯಿಂಟ್. ಇನ್ನೊಂದು ಹತ್ತಿ ಬೆಳೆಯುವ ಮಿಸಿಸಿಪಿ ಸೀಮೆಯ ಮೌಂಡ್ ಬಾಯೂ. ಇಂಥ ಕೇಂದ್ರಗಳಲ್ಲಿ ಇಂದಿಗೂ ಆದಾಯಕ್ಕೆ ತಕ್ಕಂತೆ ಶುಲ್ಕ. ಹಣವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ.

ಮೌಂಡ್ ಬಾಯೂವಿನಲ್ಲಿ ಡಾಕ್ಟರ್ ಜ್ಯಾಕ್ ಗೈಗರ್ ಮತ್ತು ಜೊತೆಯವರು ಹಸಿವಿನಿಂದ ಸೊರಗಿದ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟರು. ದಿನಸಿ ಅಂಗಡಿಯವರು ಆಹಾರ ಕೊಟ್ಟರು. ಅದರ ಹಣ ಕೇಂದ್ರದ ಔಷಧಿ ಲೆಕ್ಕದಿಂದ ಸಂದಾಯವಾಯಿತು. ಮುಂದೆ ಅಲ್ಲಿನ ಜನರೇ ಸಹಕಾರಿ ಬೇಸಾಯ ಸಂಘ ಕಟ್ಟಿ ತರಕಾರಿ ಬೆಳೆದರು. ರೋಗಿಯ ಮನೆಯ ಸ್ಥಿತಿ ತಿಳಿಯದೆ ಔಷಧಿ ಕೊಟ್ಟರೆ ಫಲವಿಲ್ಲವೆಂಬುದು ಇದರಿಂದ ಸ್ಪಷ್ಟ. ಹಣ ಸಾಲದೆ ಗುಳಿಗೆಯನ್ನು ಅರ್ಧ ಮಾಡಿ ನುಂಗುವವರು, ಚೀಟಿ ಓದಲು ಬಾರದವರು, ಬಸ್ಸಿಲ್ಲದೆ ಮತ್ತೆ ಬಾರದವರು, ಇವರ ಕಷ್ಟ ಪುಸ್ತಕದಲ್ಲಿ ಸಿಗುವುದಿಲ್ಲ. ಆದ್ದರಿಂದಲೇ ಕೆಲವು ರೆಸಿಡೆನ್ಸಿಗಳು ಇಂಥ ಕೇಂದ್ರಗಳಲ್ಲೇ ನಡೆಯುತ್ತವೆ.

೩. ಮೂರು ಪ್ರಶ್ನೆಗಳು

ಅಮೆರಿಕದ ಮೂಲನಿವಾಸಿಗಳಿಗಾಗಿ ಇರುವ ಸರ್ಕಾರಿ ಆರೋಗ್ಯ ಇಲಾಖೆಯ ಫಾರ್ಮಸಿಸ್ಟರು ಒಂದು ಸುಲಭ ಪದ್ಧತಿ ರೂಢಿಸಿದರು. ಔಷಧಿ ಕೊಡುವ ಮುನ್ನ ರೋಗಿಯನ್ನು ಮೂರು ಮಾತು ಕೇಳುವುದು:

(ಅ) ಈ ಔಷಧಿ ಯಾತಕ್ಕೆಂದು ಡಾಕ್ಟರು ಹೇಳಿದರು?
(ಆ) ಹೇಗೆ ತೆಗೆದುಕೊಳ್ಳಲು ಹೇಳಿದರು?
(ಇ) ತೆಗೆದುಕೊಂಡ ಮೇಲೆ ಏನಾಗುವುದೆಂದು ಹೇಳಿದರು?

ರೋಗಿಯೇ ಉತ್ತರ ಹೇಳುವುದರಿಂದ ಅವನಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ. ತಿಳಿಯದಷ್ಟನ್ನು ಮಾತ್ರ ಹೇಳಿಕೊಟ್ಟರೆ ಸಾಕು.

೪. ನಮ್ಮಲ್ಲಿ ಹೇಗೆ?

ನಮ್ಮ ದೇಶದಲ್ಲಿ ಡಿ.ಫಾರ್ಮ್. ಓದುವವರು ಎರಡು ವರ್ಷದ ಪಾಠದ ಮೇಲೆ 500 ಗಂಟೆಗಳ ಕೆಲಸದ ತರಬೇತಿ ಪಡೆಯಬೇಕು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣ ಬಂತು, ಅದರ ಕೊನೆಯ ವರ್ಷ ಆಸ್ಪತ್ರೆಯಲ್ಲಿ ಕಲಿಕೆ. 2015ರ ಫಾರ್ಮಸಿ ವೃತ್ತಿ ನಿಯಮಗಳ ಪ್ರಕಾರ ಔಷಧಿಯ ವಿಚಾರವನ್ನು ರೋಗಿಗೆ ತಿಳಿಸಿಕೊಡುವುದು ಫಾರ್ಮಸಿಸ್ಟರ ಕರ್ತವ್ಯ. ಆದ್ದರಿಂದ ನೀವು ಕೇಳಿದರೆ ಅದು ಉಪಕಾರ ಬೇಡಿದಂತಲ್ಲ.

೫. ನೀವು ಮಾಡಬೇಕಾದುದು

• ಅಂಗಡಿಯಲ್ಲಿ ಮೇಲಿನ ಮೂರು ಮಾತನ್ನು ನೀವೇ ಕೇಳಿ: ಯಾತಕ್ಕೆ? ಹೇಗೆ? ಏನಾಗುವುದು?
• ಡಾಕ್ಟರಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆ, ನಾಟಿ ಔಷಧಿಗಳನ್ನೂ ಒಂದೇ ಚೀಲದಲ್ಲಿ ಒಯ್ದು ತೋರಿಸಿ.
• ಮೈ ಹಗುರಾಯಿತೆಂದು ಔಷಧಿ ನಿಲ್ಲಿಸಬೇಡಿ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ನಡುವೆ ಬಿಟ್ಟರೆ ರೋಗವು ಔಷಧಿಗೆ ಬಗ್ಗದಂತಾಗಬಹುದು.
• ಗುಳಿಗೆಗಳನ್ನು ಕೀಟನಾಶಕದ ಹತ್ತಿರ ಇಡಬೇಡಿ. ಔಷಧಿಯ ಖಾಲಿ ಸೀಸೆಗೆ ಕೀಟನಾಶಕ ತುಂಬಲೇಬೇಡಿ.
• ಕೊಳ್ಳಲು ಹಣ ಸಾಲದಿದ್ದರೆ ಸಂಕೋಚಪಡದೆ ಹೇಳಿ. ಅದೇ ಗುಣದ ಅಗ್ಗದ ಔಷಧಿ ಜನೌಷಧಿ ಕೇಂದ್ರದಲ್ಲಿ ಸಿಗಬಹುದು.

ಬಿತ್ತನೆ ಬೀಜ ಕೊಳ್ಳುವಾಗ ತಳಿ ಯಾವುದು, ಮೊಳಕೆ ಎಷ್ಟು, ಅವಧಿ ಎಂದಿಗೆ ಎಂದು ಕೇಳದೆ ನೀವು ಹಣ ಬಿಚ್ಚುವುದಿಲ್ಲ. ಒಂದು ಬೆಳೆ ಹೋದರೆ ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಹೋದ ಜೀವ ಮತ್ತೆ ಬರುವುದಿಲ್ಲ. ಔಷಧಿಯನ್ನೂ ಕೇಳಿಯೇ ಕೊಳ್ಳಿ. ಓದಲು ಬಾರದ ನೆರೆಯವರಿಗೆ ಈ ಪಾಠವನ್ನು ಓದಿ ಹೇಳಿ.