ಹೆಬ್ಬಾರರ ಗೆರೆಯೂ ದಾರಕ್ಕೆ ಕಟ್ಟಿದ ಕಲ್ಲೂ

ಬೋಧನಾಭ್ಯಾಸದ ಅಂಗವಾಗಿ ಲಷ್ಕರ್ ಮೊಹಲ್ಲಾದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನಾನು ಆರಿಸಿಕೊಂಡ ಪಾಠ ‘ಮಾನವಾಕೃತಿ ರಚನೆ’. ಪೀಠಿಕೆಗಾಗಿ ಕೆ. ಕೆ. ಹೆಬ್ಬಾರರ ರೇಖಾಚಿತ್ರವೊಂದರ ಮುದ್ರಿತ ಪ್ರತಿಯನ್ನು ಕಪ್ಪುಹಲಗೆಗೆ ಅಂಟಿಸಿದೆ. ಕುಣಿಯುವ ಹೆಣ್ಣು, ಕೆಲವೇ ಗೆರೆಗಳು. ಪಾಠದ ಹೆಸರು ಬರೆಯುವಷ್ಟರಲ್ಲೇ ಹುಡುಗನೊಬ್ಬ ಎದ್ದ: “ಮಿಸ್, ಇದ್ರಲ್ಲಿ ಕಣ್ಣು ಮೂಗೇ ಸರಿಯಾಗಿಲ್ಲ. ಮತ್ತೆ ನಾವ್ಯಾಕೆ ಅಳತೆ ತಗೊಂಡು ಬರೀಬೇಕು?”

ನ್ಯಾಯವಾದ ಪ್ರಶ್ನೆ. ನಮ್ಮಲ್ಲೂ ಅನೇಕರು ಹೀಗೆಯೇ ಯೋಚಿಸುತ್ತೇವೆ. ಆಧುನಿಕ ಚಿತ್ರಕ್ಕೆ ಅಭ್ಯಾಸ ಬೇಡವೆಂದು.

1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮೊದಲು ಕಲಿತದ್ದು ನಮ್ಮ ಊರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದರು ಕೂಡ. ಅಷ್ಟಾದ ಮೇಲೆ 1949ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್ ಸೇರಿದರು. ಎದುರಿಗೆ ಮನುಷ್ಯನನ್ನು ನಿಲ್ಲಿಸಿ ನೋಡಿ ಬರೆಯಿಸುವುದಕ್ಕೆ ಹೆಸರಾದ ಶಾಲೆ ಅದು. ಲಯ ತಿಳಿಯಲೆಂದು ಪಂಡಿತ್ ಸುಂದರ್ ಪ್ರಸಾದರಲ್ಲಿ ಕಥಕ್ ಕಲಿತದ್ದೂ ಉಂಟು. ಇಷ್ಟು ಹೇಳಿದೆ. ಆದರೆ ಜೀವನಚರಿತ್ರೆ ಕೇಳಿ ಯಾವ ಮಗುವೂ ಒಪ್ಪುವುದಿಲ್ಲ.

ಆದ್ದರಿಂದ ದಾರಕ್ಕೆ ಕಲ್ಲು ಕಟ್ಟಿಕೊಂಡು ಹೋಗಿದ್ದೆ. ಒಬ್ಬ ಹುಡುಗನನ್ನು ನೆಟ್ಟಗೆ ನಿಲ್ಲಿಸಿ ಕತ್ತಿನ ಗುಳಿಯಿಂದ ಅದನ್ನು ಇಳಿಬಿಟ್ಟಾಗ ಕಲ್ಲು ಎರಡು ಪಾದಗಳ ನಡುವೆ ನಿಂತಿತು. ಭಾರವನ್ನೆಲ್ಲ ಎಡಗಾಲಿಗೆ ಹಾಕು ಎಂದೆ. ಕಲ್ಲು ಎಡಪಾದದ ಮೇಲೆ ಬಂತು. ಎಡಸೊಂಟ ಮೇಲೇರಿತು, ಎಡಭುಜ ಇಳಿಯಿತು. ಆಮೇಲೆ ಬಲಗೈಗೆ ನೀರು ತುಂಬಿದ ಬಕೆಟ್ ಕೊಟ್ಟೆವು. ಮೈ ತಾನಾಗಿ ಎಡಕ್ಕೆ ವಾಲಿತು. “ವಾಲದಿದ್ರೆ ಬಿದ್ದೋಗ್ತಾನೆ!” ಎಂದು ಹಿಂದಿನ ಬೆಂಚು ಕೂಗಿತು. ಪೆನ್ಸಿಲನ್ನು ಚಾಚಿ ಹಿಡಿದು, ತಲೆಯ ಉದ್ದವನ್ನೇ ಅಳತೆಗೋಲು ಮಾಡಿ ಮೈಯನ್ನು ಅಳೆದರು. ದೊಡ್ಡವರ ಎತ್ತರ ಸುಮಾರು ಏಳೂವರೆ ತಲೆ. ಇವನದು ಅದಕ್ಕಿಂತ ಕಡಿಮೆ ಬಂದದ್ದಕ್ಕೆ ನಗು.

ಕೊನೆಗೆ ಬಕೆಟ್ ಹೊತ್ತವನನ್ನು ಎರಡೇ ನಿಮಿಷದಲ್ಲಿ, ಹತ್ತು ಗೆರೆ ಮೀರದಂತೆ ಬರೆಯಲು ಹೇಳಿದೆ. ಕೆಲವರು ರೂಢಿಯಂತೆ ಮುಖದಿಂದಲೇ ಶುರುಮಾಡಿ, ಕಾಲಿಗೆ ಬರುವುದರೊಳಗೆ ಗೆರೆ ಮುಗಿಸಿಕೊಂಡರು. ಹೆಚ್ಚಿನವರ ಮೊದಲ ಗೆರೆ ಕತ್ತಿನಿಂದ ಪಾದದವರೆಗಿನ ವಾಲು. ಪ್ರಶ್ನೆ ಕೇಳಿದ ಹುಡುಗ ತನ್ನ ಹಾಳೆಯನ್ನು ಹೆಬ್ಬಾರರ ಚಿತ್ರದ ಪಕ್ಕ ಹಿಡಿದು, “ಮಿಸ್, ಇವಳ ಭಾರ ಯಾವ ಕಾಲ್ಮೇಲಿದೆ ಅಂತ ಗೊತ್ತಾಗುತ್ತೆ” ಎಂದ. ಕಣ್ಣು ಮೂಗಿನ ಮಾತು ಮತ್ತೆ ಬರಲಿಲ್ಲ.

ವೀಕ್ಷಕರ ಟಿಪ್ಪಣಿ: ನಲವತ್ತು ನಿಮಿಷದಲ್ಲಿ ಹೆಚ್ಚು ಭಾಗ ಅಳತೆಗೇ ಹೋಯಿತು, ಅಭಿವ್ಯಕ್ತಿಗೆ ಅವಕಾಶ ಸಾಲದು. ಸಮಯದ ಲೆಕ್ಕ ನಿಜ. ಆದರೆ ಆ ಹತ್ತು ಗೆರೆಗಳಲ್ಲಿ ಯಾವುದನ್ನು ಬಿಡಬೇಕೆಂದು ಮಕ್ಕಳು ತೀರ್ಮಾನಿಸಿದ್ದು ಅಳತೆಯ ಬಲದಿಂದಲೇ. ನನ್ನ ಮಟ್ಟಿಗೆ ಅಭಿವ್ಯಕ್ತಿ ಅಲ್ಲೇ ಇತ್ತು. ಮುಂದಿನ ಪಾಠಯೋಜನೆಯಲ್ಲಿ ದಾರ ಉಳಿಸಿಕೊಂಡು ತಲೆ ಅಳತೆಯನ್ನು ಮೊಟಕು ಮಾಡಿದ್ದೇನೆ. ಮನೆಗೆಲಸ: ಅಶೋಕ ರಸ್ತೆಯಲ್ಲಿ ಚೀಲ ಹಿಡಿದು ನಿಂತ ಐದು ಜನ, ತಲಾ ಹತ್ತು ಗೆರೆ.