ರೂಟರ್‌ಗೆ ಬಯ್ಯೋ ಮುಂಚೆ

ನಮ್ಮ ಬಾಡಿಗೆ ಮನೆಯಲ್ಲಿ ಇಂಟರ್ನೆಟ್ಟೂ ಫೋನೂ ಒಂದೇ ಕೇಬಲ್ ಮೋಡೆಮ್‌ನಿಂದ. ಗೆಳೆಯನ ಆನ್‌ಲೈನ್ ಇಂಟರ್‌ವ್ಯೂ ನಡುವೆ ಎರಡೂ ಒಟ್ಟಿಗೆ ಕೈಕೊಟ್ಟವು. ವೈಫೈ ಒಂದೇ ಕೆಟ್ಟಿದ್ದರೆ, ಮೋಡೆಮ್‌ಗೆ ವೈರಲ್ಲಿ ಸೇರಿದ ಫೋನ್ ನಡೀಬೇಕಿತ್ತಲ್ವಾ? ಹಾಗಾಗಿ ರೂಟರ್ ಬಿಟ್ಟು ಲೈನ್ ಹಿಡಿದೆವು.

ಮೋಡೆಮ್‌ನ 192.168.100.1 ಪುಟದಲ್ಲಿ ಡೌನ್‌ಸ್ಟ್ರೀಮ್ ಪವರ್ −17 ಡಿಬಿಎಂವಿ ಇತ್ತು. ಡಾಕ್ಸಿಸ್ ಪ್ರಕಾರ −15ರಿಂದ +15ರೊಳಗೆ ಇರಬೇಕು. ಕೇಬಲ್ ಹಿಡಿದು ಹಿಂದಕ್ಕೆ ಹೋದರೆ, ಟಿವಿಗಳಿಗೆಂದು ಸಾಲಾಗಿ ಹಾಕಿದ್ದ ಮೂರು ಸ್ಪ್ಲಿಟರ್! ಎರಡು ಕವಲಿನ ಒಂದೊಂದು ಸ್ಪ್ಲಿಟರೂ ಸುಮಾರು 3.5 ಡೆಸಿಬೆಲ್ ನುಂಗುತ್ತೆ.

ಮೋಡೆಮನ್ನು ಮೊದಲ ಸ್ಪ್ಲಿಟರ್‌ಗೇ ಜೋಡಿಸಿದೆವು. ಎರಡರ ನಷ್ಟ, 7 ಡೆಸಿಬೆಲ್, ಉಳಿಯಿತು. ರೀಡಿಂಗ್ −10ಕ್ಕೆ ಬಂತು. 7 ಡೆಸಿಬೆಲ್ ಅಂದ್ರೆ ಸುಮಾರು ಐದು ಪಟ್ಟು ಶಕ್ತಿ.

ಹೋದ ಇಂಟರ್‌ವ್ಯೂ ಮಾತ್ರ ವಾಪಸ್ ಬರಲಿಲ್ಲ. ನಿಮ್ಮ ಮನೆ ರೀಡಿಂಗ್ ಮೊದಲೇ ನೋಡ್ಕೊಳ್ಳಿ.